ಕೊನೆಯ ಸಾಲಿನ ತಂಡಗಳ ಲೆಕ್ಕಾಚಾರ

ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹಬ್ಬ ಜಾತ್ರೆಗಳ ಕಾಲ ಬಂತೆಂದರೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳ ಭಿತ್ತಿಪತ್ರಗಳು ಬಸ್ ನಿಲ್ದಾಣದ ಗೋಡೆಗಳನ್ನು ತುಂಬುತ್ತವೆ. ಭಾರತೀನಗರದಲ್ಲಾಗಲಿ (ಹಳಬರ ಬಾಯಲ್ಲಿ ಅದು ಇಂದಿಗೂ ಕೆ.ಎಂ. ದೊಡ್ಡಿಯೇ), ಸುತ್ತಲಿನ ಹಳ್ಳಿಗಳಲ್ಲಾಗಲಿ ಈ ಪಂದ್ಯಾವಳಿಗಳ ಮೊದಲ ಕೆಲಸ ಚೀಟಿ ಎತ್ತುವುದು. ಪ್ರವೇಶ ಶುಲ್ಕ ಕಟ್ಟಿದ ತಂಡಗಳ ಹೆಸರುಗಳನ್ನು ಬರೆದು, ಮಡಚಿ, ಡಬ್ಬಿಗೆ ಹಾಕಿ, ಚಿಕ್ಕ ಹುಡುಗನೊಬ್ಬನ ಕೈಯಿಂದ ಎತ್ತಿಸುತ್ತಾರೆ. ಆದರೆ ಅನುಭವಸ್ಥ ಸಂಘಟಕರು ಎಲ್ಲ ಚೀಟಿಗಳನ್ನೂ ಒಂದೇ ಡಬ್ಬಿಗೆ ಹಾಕುವುದಿಲ್ಲ. ಹೆಸರು ಮಾಡಿದ ನಾಲ್ಕಾರು ತಂಡಗಳನ್ನು ಬೇರೆ ಬೇರೆ ದಿಕ್ಕಿಗೆ ಇಟ್ಟು ಉಳಿದವರಿಗೆ ಚೀಟಿ ಎತ್ತುತ್ತಾರೆ. ಫೈನಲ್ ರಾತ್ರಿ ಜನ ಸೇರಬೇಕಲ್ಲ! ಮೊದಲ ಸಲ ಬನಿಯನ್ ಹೊಲಿಸಿಕೊಂಡು ಬಂದ ಊರ ಹುಡುಗರ ತಂಡ ಸಂಜೆ ಏಳಕ್ಕೆ ಅಂಕಣಕ್ಕಿಳಿದು ಎಂಟಕ್ಕೆ ಮನೆಯ ದಾರಿ ಹಿಡಿಯುತ್ತದೆ. ಮತ್ತೆ ಆಡಬೇಕೆಂದರೆ ಮುಂದಿನ ವರ್ಷ.

ಜಗತ್ತಿನ 211 ಸದಸ್ಯ ಸಂಘಗಳನ್ನು ಕಟ್ಟಿಕೊಂಡು ಫುಟ್‌ಬಾಲ್ ನಡೆಸುವ ಫಿಫಾ ಮಾಡುವುದೂ ಇದನ್ನೇ. ಡಬ್ಬಿಗೆ ಅಲ್ಲಿ ಪಾಟ್ ಎಂದು ಹೆಸರು. ಯಾವ ಚೀಟಿ ಯಾವ ಪಾಟ್‌ಗೆ ಎಂಬುದನ್ನು ಸಂಘಟಕರ ಅಂದಾಜು ನಿರ್ಧರಿಸುವುದಿಲ್ಲ, ರ‍್ಯಾಂಕಿಂಗ್ ಎಂಬ ಪಟ್ಟಿ ನಿರ್ಧರಿಸುತ್ತದೆ. ಬ್ರೆಜಿಲ್, ಅರ್ಜೆಂಟೀನಾಗಳಿಗೆ ಈ ಪಟ್ಟಿ ಪ್ರತಿಷ್ಠೆಯ ಮಾತು. ನೂರರ ಆಚೆಗಿರುವ ದೇಶಗಳಿಗೆ ಅದು ಹೊಟ್ಟೆಪಾಡಿನ ಮಾತು. ಮುಂದಿನ ನಾಲ್ಕು ವರ್ಷಗಳಲ್ಲಿ ಎಷ್ಟು ಪಂದ್ಯ ಆಡಲು ಸಿಗುತ್ತದೆ, ಯಾರ ಎದುರು ಸಿಗುತ್ತದೆ ಎಂಬುದೆಲ್ಲ ಅದರ ಮೇಲೆಯೇ ನಿಂತಿರುತ್ತದೆ. ಭಾರತ ಈ ಕೊನೆಯ ಸಾಲಿನಲ್ಲಿ ನಿಂತು ಬಂದ ಕಥೆಯಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ದೊಡ್ಡ ಪಾತ್ರವಿದೆ.

ಹಾಗೆ ನೋಡಿದರೆ ಈ ಊರಿಗೆ ಫುಟ್‌ಬಾಲ್ ಹೊಸದೇನಲ್ಲ. ದಂಡು ಪ್ರದೇಶದ ಬ್ರಿಟಿಷ್ ಸಿಪಾಯಿಗಳಿಂದ ಕಲಿತ ಆಟವನ್ನು ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಹುಡುಗರು ತಮ್ಮದಾಗಿಸಿಕೊಂಡರು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೂ 1938ರಲ್ಲೂ ಮುಂಬಯಿಯ ರೋವರ್ಸ್ ಕಪ್ ಗೆದ್ದು ತಂದಿತು. ಮೈಸೂರು ಸಂಸ್ಥಾನದ ತಂಡ 1946-47ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರೂ ಬೆಂಗಳೂರಿನವರೇ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿದ್ದರು, ಎರಡು ಪೆನಾಲ್ಟಿಗಳು ಕೈತಪ್ಪಿದವು, ಪಂದ್ಯ 1-2ರಲ್ಲಿ ಹೋಯಿತು. ಅದೇ ತಂಡದಲ್ಲಿದ್ದ ಬೆಂಗಳೂರಿನ ಇನ್ನೊಬ್ಬ ಆಟಗಾರ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್‌ನ ಮನೆಮಾತಾದರು.

ಆಗ ರ‍್ಯಾಂಕಿಂಗ್ ಎಂಬುದೇ ಇರಲಿಲ್ಲ. ಅರ್ಹತೆಯೂ ಹೇಗೆಂದರೆ ಹಾಗೆ. 1950ರ ಬ್ರೆಜಿಲ್ ವಿಶ್ವಕಪ್‌ಗೆ ಭಾರತ ಒಂದೇ ಒಂದು ಪಂದ್ಯ ಆಡದೆ ಅರ್ಹತೆ ಪಡೆದಿತ್ತು. ಗುಂಪಿನಲ್ಲಿದ್ದ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಮೂರೂ ಹಿಂದೆ ಸರಿದಿದ್ದವು. ಕೊನೆಗೆ ಭಾರತವೂ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬ ಕಥೆ ಇಂದಿಗೂ ಚಹಾ ಅಂಗಡಿಗಳಲ್ಲಿ ಓಡಾಡುತ್ತದೆ. ಅಂದಿನ ಆಡಳಿತಗಾರರು ವಿಶ್ವಕಪ್‌ಗಿಂತ ಒಲಿಂಪಿಕ್ಸನ್ನೇ ದೊಡ್ಡದೆಂದು ತಿಳಿದಿದ್ದರು ಎಂಬ ವಿವರಣೆ ಅದಕ್ಕಿಂತ ನಂಬಲರ್ಹ. ಅನಂತರ 1951ರಲ್ಲೂ 1962ರಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ಬಂತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ. ಆಗ ಫಿಫಾ ಪಟ್ಟಿ ಮಾಡಿದ್ದರೆ ಭಾರತ ಎಲ್ಲಿರುತ್ತಿತ್ತೋ! ಅದು ಪಟ್ಟಿ ಪ್ರಕಟಿಸಲು ಹೊರಟದ್ದು 1992ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ನಮ್ಮ ಒಳ್ಳೆಯ ಕಾಲ ಮುಗಿದು ಮೂರು ದಶಕಗಳಾಗಿದ್ದವು. ಪಟ್ಟಿ ಬಂದ ಮೇಲೆ ಭಾರತ ತಲುಪಿದ ಅತಿ ಮೇಲಿನ ಮೆಟ್ಟಿಲು 94, ಅದೂ 1996ರ ಫೆಬ್ರುವರಿಯಲ್ಲಿ.

ಪಟ್ಟಿಯ ಅಂಕಿ ಕಾಗದದ ಮೇಲಷ್ಟೇ ಉಳಿಯುವುದಿಲ್ಲ ಎಂಬುದಕ್ಕೆ ಸುನಿಲ್ ಚೆಟ್ರಿಯ ಪ್ರಸಂಗವೇ ಸಾಕ್ಷಿ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಆತನನ್ನು ಸೇರಿಸಿಕೊಳ್ಳಲು ಮುಂದಾಯಿತು. ಬ್ರಿಟಿಷ್ ಸರ್ಕಾರ ಕೆಲಸದ ಪರವಾನಗಿ ಕೊಡಲಿಲ್ಲ. ಆಟಗಾರನ ದೇಶ ಫಿಫಾ ಪಟ್ಟಿಯ ಮೊದಲ 70ರೊಳಗೆ ಇರಬೇಕೆಂಬುದು ಆಗಿನ ನಿಯಮ. ಆತ ಎಷ್ಟು ಚೆನ್ನಾಗಿ ಆಡುತ್ತಾನೆಂದು ಯಾರೂ ಕೇಳುವ ಹಾಗಿರಲಿಲ್ಲ. ಆಟಗಾರನೊಬ್ಬನ ಬದುಕಿನ ದಾರಿಯನ್ನೇ ದೇಶದ ಅಂಕಿ ತಿರುಗಿಸಿಬಿಟ್ಟಿತು. ಅದೇ ಚೆಟ್ರಿ 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ನಾಯಕನಾಗಿ ಬಂದದ್ದು ಕಂಠೀರವದ ಪ್ರೇಕ್ಷಕರ ಪಾಲಿಗೆ ಆದ ಲಾಭ.

ಇನ್ನು ಅಂಕ ಕೊಡುವ ಬಗೆ. 2006ರಿಂದ 2018ರವರೆಗೆ ನಡೆದ ಲೆಕ್ಕ ನಾಲ್ಕು ಅಂಕಿಗಳ ಗುಣಾಕಾರ. ಗೆದ್ದರೆ 3, ಸಮವಾದರೆ 1, ಸೋತರೆ ಸೊನ್ನೆ. ಅದನ್ನು ಪಂದ್ಯದ ಮಹತ್ವದಿಂದ ಗುಣಿಸಬೇಕು: ಸೌಹಾರ್ದ ಪಂದ್ಯಕ್ಕೆ 1, ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಎರಡೂವರೆ, ವಿಶ್ವಕಪ್ಪಿಗೇ ಆದರೆ 4. ಬಳಿಕ ಎದುರಾಳಿಯ ಬಲ, ಅಂದರೆ 200ರಿಂದ ಅವರ ಸ್ಥಾನವನ್ನು ಕಳೆದರೆ ಬರುವ ಅಂಕಿ. ಆದರೆ 150ಕ್ಕಿಂತ ಕೆಳಗಿರುವ ಎಲ್ಲರಿಗೂ ಬೆಲೆ ಒಂದೇ, 50. ಕೊನೆಗೆ ಖಂಡದ ತೂಕ, ಏಷ್ಯಾಕ್ಕೆ 0.85, ಯುರೋಪಿಗೆ 0.99.

ಈ ಸೂತ್ರದಿಂದ ವಿಚಿತ್ರಗಳೇ ಹುಟ್ಟುತ್ತಿದ್ದವು. 2015ರ ಮಾರ್ಚ್‌ನಲ್ಲಿ ಭಾರತ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ನೇಪಾಳವನ್ನು ಸೋಲಿಸಿತು. ಅದರ ಬೆಲೆ: ಮೂರು ಗುಣಿಸು ಎರಡೂವರೆ ಗುಣಿಸು 50 ಗುಣಿಸು 0.85, ಸುಮಾರು 319 ಅಂಕ. ಅದೇ ತಿಂಗಳು ಭಾರತ ಜಗತ್ತಿನ ಮೊದಲ ಸ್ಥಾನದಲ್ಲಿದ್ದ, ವಿಶ್ವಕಪ್ ಗೆದ್ದ ಜರ್ಮನಿಯನ್ನು ಸೌಹಾರ್ದ ಪಂದ್ಯದಲ್ಲಿ ಹೇಗೋ ಸೋಲಿಸಿದ್ದರೆ ಎಷ್ಟು ಬರುತ್ತಿತ್ತು? ಎರಡು ಖಂಡಗಳ ತೂಕದ ಸರಾಸರಿ ಹಿಡಿದು ಲೆಕ್ಕ ಹಾಕಿದರೆ 552. ಜರ್ಮನಿಯನ್ನು ಸೋಲಿಸುವ ಪವಾಡ, ನೇಪಾಳವನ್ನು ಎರಡು ಸಲ ಸೋಲಿಸಿದ್ದಕ್ಕಿಂತ ಅಗ್ಗ!

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಬಂದ ಅಂಕಗಳನ್ನೆಲ್ಲ ಕೂಡಿಸದೆ ಸರಾಸರಿ ತೆಗೆಯುತ್ತಿದ್ದರು. ಕಳೆದ ಹನ್ನೆರಡು ತಿಂಗಳಿಗೆ ಪೂರ್ತಿ ಬೆಲೆ, ಅದರ ಹಿಂದಿನ ವರ್ಷಕ್ಕೆ ಅರ್ಧ, ಹೀಗೆ ನಾಲ್ಕು ವರ್ಷದವರೆಗೆ ಇಳಿಕೆ. ಸರಾಸರಿ ಅಂದಮೇಲೆ ಕಡಿಮೆ ಬೆಲೆಯ ಸೌಹಾರ್ದ ಪಂದ್ಯ ಆಡಿ ಗೆದ್ದರೂ ನಷ್ಟವಾಗಬಹುದು. ಇದನ್ನು ಅರಿತ ಪೋಲೆಂಡ್ 2018ರ ವಿಶ್ವಕಪ್‌ನ ಚೀಟಿ ಎತ್ತುವ ಮೊದಲು ಸೌಹಾರ್ದ ಪಂದ್ಯಗಳನ್ನು ದೂರವಿಟ್ಟು ಮೊದಲ ಪಾಟ್‌ಗೆ ಏರಿತು. ಬುದ್ಧಿವಂತಿಕೆ ಎನ್ನಬಹುದು. ಆದರೆ ಆಡದಿರುವುದಕ್ಕೆ ಬಹುಮಾನ ಕೊಡುವ ಆಟದ ನಿಯಮವನ್ನು ಏನೆನ್ನಬೇಕು?

ಬಡ ದೇಶಗಳು ಆಡದಿರುವುದು ಮಾತ್ರ ಬುದ್ಧಿವಂತಿಕೆಯಿಂದಲ್ಲ. ವಿಮಾನದ ಖರ್ಚು, ಮೈದಾನ, ಎದುರಾಳಿ, ಯಾವುದೂ ಸುಲಭವಾಗಿ ಸಿಗುವುದಿಲ್ಲ. ನಾಲ್ಕು ವರ್ಷ ಗೆಲುವಿಲ್ಲದೆ, ಸಮವೂ ಇಲ್ಲದೆ ಕಳೆದರೆ ಅಂಕ ಸೊನ್ನೆಗೆ ಬಂದು ನಿಲ್ಲುತ್ತಿತ್ತು. ಭೂತಾನಕ್ಕೆ ಆದದ್ದು ಅದೇ. 2000ದಲ್ಲಿ ಕುವೈತ್ ಎದುರು 0-20ರಲ್ಲಿ ಸೋತಿದ್ದ ಈ ಪುಟ್ಟ ದೇಶಕ್ಕೆ ಒಮ್ಮೆ ಲೋಕಪ್ರಸಿದ್ಧಿಯೂ ಬಂದಿತ್ತು. 2002ರ ಜೂನ್ 30ರಂದು ಯೊಕೊಹಾಮದಲ್ಲಿ ಬ್ರೆಜಿಲ್ ಮತ್ತು ಜರ್ಮನಿ ವಿಶ್ವಕಪ್ ಫೈನಲ್ ಆಡಿದ ದಿನವೇ, ಪಟ್ಟಿಯ ತೀರಾ ಕೊನೆಯ ಎರಡು ತಂಡಗಳಾದ ಭೂತಾನ್ ಮತ್ತು ಕೆರಿಬಿಯನ್ ದ್ವೀಪ ಮಾಂಟ್ಸೆರಾಟ್ ಥಿಂಪುವಿನಲ್ಲಿ ಎದುರಾದವು. ಆ ಸಲ ವಿಶ್ವಕಪ್‌ಗೆ ಹೋಗಲಾಗದ ಹಾಲೆಂಡಿನ ಸಿನಿಮಾ ಮಂದಿ ಏರ್ಪಡಿಸಿದ ಪಂದ್ಯ ಅದು. ಭೂತಾನ್ 4-0ರಲ್ಲಿ ಗೆದ್ದಿತು. ಮಾಂಟ್ಸೆರಾಟ್‌ನ ಕಥೆ ಇನ್ನೂ ಕರುಣಾಜನಕ. 1990ರ ದಶಕದಲ್ಲಿ ಜ್ವಾಲಾಮುಖಿ ಸಿಡಿದು ಅದರ ರಾಜಧಾನಿಯೇ ಬೂದಿಯಡಿ ಹೂತುಹೋಗಿತ್ತು.

2015ರ ಮಾರ್ಚ್‌ಗೆ ಬರೋಣ. ಭೂತಾನ್ ಆಗ ಪಟ್ಟಿಯ ಕೊನೆಯಲ್ಲಿ, 209ನೆಯ ಸ್ಥಾನದಲ್ಲಿತ್ತು, ಅಂಕ ಸೊನ್ನೆ. ಭಾರತ 173ಕ್ಕೆ ಕುಸಿದಿತ್ತು. ಪಟ್ಟಿ ಶುರುವಾದಂದಿನಿಂದ ಇಷ್ಟು ಕೆಳಗೆ ಭಾರತ ಇಳಿದದ್ದು ಇಲ್ಲ. 2014ರಲ್ಲಿ ರಾಷ್ಟ್ರೀಯ ತಂಡ ಆಡಿದ ಪಂದ್ಯಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು, ಅದರ ಫಲ ಇದು. ಏಷ್ಯಾದ ಅತಿ ದುರ್ಬಲ 12 ತಂಡಗಳನ್ನು ಮಾತ್ರ ಸೇರಿಸಿ ವಿಶ್ವಕಪ್ ಅರ್ಹತೆಯ ಮೊದಲ ಸುತ್ತು ನಡೆಸಿದಾಗ ಭಾರತವೂ ಆ ಸಾಲಿನಲ್ಲಿ ನಿಲ್ಲಬೇಕಾಯಿತು. ಭೂತಾನ್, ಶ್ರೀಲಂಕಾ, ನೇಪಾಳ, ಪಾಕಿಸ್ತಾನ, ಮಂಗೋಲಿಯಾ, ಮಕಾವ್, ಬ್ರೂನೈ, ಪೂರ್ವ ತಿಮೋರ್ ಇವೆಲ್ಲ ಸಾಲಿನ ಜೊತೆಗಾರರು. ನಿಯಮ ನಿಷ್ಠುರ: ತಲಾ ಎರಡು ಪಂದ್ಯ, ಒಂದು ಮನೆಯಲ್ಲಿ, ಒಂದು ಹೊರಗೆ. ಸೋತವರಿಗೆ ವಿಶ್ವಕಪ್‌ನ ಬಾಗಿಲು ಅಲ್ಲಿಗೇ ಮುಚ್ಚಿತು.

ಭಾರತ ಗುವಾಹಟಿಯಲ್ಲಿ ನೇಪಾಳವನ್ನು 2-0ರಲ್ಲಿ ಸೋಲಿಸಿ, ಕಠ್ಮಂಡುವಿನಲ್ಲಿ ಗೋಲಿಲ್ಲದೆ ಸಮ ಮಾಡಿಕೊಂಡು ದಾಟಿತು. ಎರಡು ಗೋಲುಗಳೂ ಚೆಟ್ರಿಯವು. ಆದರೆ ಜಗತ್ತಿನ ಕಣ್ಣು ಭೂತಾನದ ಮೇಲಿತ್ತು. ತನ್ನ ಇತಿಹಾಸದ ಮೊದಲ ವಿಶ್ವಕಪ್ ಅರ್ಹತಾ ಪಂದ್ಯದಲ್ಲೇ ಅದು ಕೊಲಂಬೊದಲ್ಲಿ ಶ್ರೀಲಂಕಾವನ್ನು 1-0ರಲ್ಲಿ ಸೋಲಿಸಿತು. ಥಿಂಪುವಿನಲ್ಲಿ 2-1ರಲ್ಲಿ ಮತ್ತೆ ಗೆದ್ದಿತು. ಥಿಂಪುವಿನ ಎರಡೂ ಗೋಲುಗಳನ್ನು ಹೊಡೆದ ಚೆಂಚೊ ಗೆಲ್ತ್‌ಶೆನ್ ಮುಂದೆ, 2018ರಲ್ಲಿ, ಬೆಂಗಳೂರು ಎಫ್‌ಸಿ ಅಂಗಿ ತೊಟ್ಟ. ಏಪ್ರಿಲ್‌ನ ಪಟ್ಟಿಯಲ್ಲಿ ಭೂತಾನ್ 209ರಿಂದ ಒಂದೇ ನೆಗೆತಕ್ಕೆ 163ಕ್ಕೆ ಬಂದಿತ್ತು, 46 ಮೆಟ್ಟಿಲು. ಭಾರತ 147ಕ್ಕೆ ಏರಿತು. ತಿಂಗಳೊಂದರಲ್ಲಿ ಭೂತಾನದ ಹುಡುಗರ ಕಾಲಲ್ಲಿ ಅಷ್ಟೇನೂ ಹೊಸ ಶಕ್ತಿ ಬಂದಿರಲಿಲ್ಲ. ಕೆಳಗಿನ ಸಾಲಿನಲ್ಲಿ ತಂಡಗಳು ಎಷ್ಟು ಒತ್ತೊತ್ತಾಗಿ ನಿಂತಿವೆ, ಎರಡು ಗೆಲುವಿಗೆ ಎಷ್ಟು ಜನರನ್ನು ದಾಟಬಹುದು ಎಂಬುದನ್ನಷ್ಟೇ ಆ ನೆಗೆತ ತೋರಿಸುತ್ತದೆ.

ಗೆದ್ದ ಬಡವನಿಗೆ ಸಿಗುವ ಬಹುಮಾನವೂ ವಿಚಿತ್ರವೇ. ಭೂತಾನ್ ಮುಂದಿನ ಸುತ್ತಿನಲ್ಲಿ ಎಂಟಕ್ಕೆ ಎಂಟೂ ಪಂದ್ಯ ಸೋತಿತು; ಕತಾರ್ ಎದುರಿನ ಸೋಲು 0-15. ಭಾರತಕ್ಕೆ ಸಿಕ್ಕ ಎದುರಾಳಿಗಳು ಇರಾನ್, ಒಮಾನ್, ತುರ್ಕಮೆನಿಸ್ತಾನ, ಗುವಾಮ್. ತವರಿನ ಪಂದ್ಯಗಳಲ್ಲಿ ಮೂರು ಬೆಂಗಳೂರಿನಲ್ಲಿ ನಡೆದವು. ಜೂನ್ 11ರಂದು ಒಮಾನ್ ಎದುರು 1-2, ಸೆಪ್ಟೆಂಬರ್ 8ರಂದು ಇರಾನ್ ಎದುರು 0-3. ನಡುವೆ ಗುವಾಮ್ ದ್ವೀಪಕ್ಕೆ ಹೋಗಿ 1-2ರಲ್ಲಿ ಸೋತು ಬಂದದ್ದು ಎಲ್ಲಕ್ಕಿಂತ ನೋವಿನದು. ಅಮೆರಿಕದ ಆಡಳಿತಕ್ಕೆ ಸೇರಿದ ಶಾಂತಸಾಗರದ ಈ ದ್ವೀಪದ ಜನಸಂಖ್ಯೆ ಎರಡು ಲಕ್ಷವನ್ನೂ ಮುಟ್ಟುವುದಿಲ್ಲ. ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕಿನಷ್ಟೂ ಇಲ್ಲ ಎನ್ನಬಹುದು. ಹತ್ತು ವರ್ಷಗಳ ಹಿಂದೆ, 2005ರಲ್ಲಿ, ಉತ್ತರ ಕೊರಿಯಾದ ಎದುರು 0-21ರಲ್ಲಿ ಸೋತಿದ್ದ ತಂಡ ಅದು. ಅಮೆರಿಕದಲ್ಲಿ ಬೆಳೆದ, ದ್ವೀಪದ ನಂಟಿನ ಆಟಗಾರರನ್ನು ಹುಡುಕಿ ಕರೆತಂದು ಅವರು ತಂಡ ಕಟ್ಟಿಕೊಂಡಿದ್ದರು. ನವೆಂಬರ್ 12ರಂದು ಕಂಠೀರವದಲ್ಲಿ ಭಾರತ ರಾಬಿನ್ ಸಿಂಗ್ ಹೊಡೆದ ಒಂದೇ ಗೋಲಿನಿಂದ ಅದೇ ಗುವಾಮನ್ನು ಸೋಲಿಸಿತು. ಇಡೀ ಸುತ್ತಿನಲ್ಲಿ ಭಾರತ ಗೆದ್ದದ್ದು ಅದೊಂದೇ ಪಂದ್ಯ. ಗುಂಪಿನ ಕೊನೆಯ ಸ್ಥಾನ ತಪ್ಪಲಿಲ್ಲ.

ಆದರೆ ಏಷ್ಯಾದ ಏರ್ಪಾಡಿನಲ್ಲಿ ಒಂದು ಹಿತ್ತಲ ಬಾಗಿಲಿತ್ತು. ವಿಶ್ವಕಪ್‌ಗೆ ಆಡುವ ಪಂದ್ಯಗಳೇ ಏಷ್ಯಾ ಕಪ್‌ಗೂ ಲೆಕ್ಕಕ್ಕೆ ಬರುತ್ತಿದ್ದವು. ಅಲ್ಲಿ ಹಿಂದುಳಿದವರಿಗೆ ಏಷ್ಯಾ ಕಪ್‌ನ ದಾರಿ ಬೇರೆಯಾಗಿ ಮುಂದುವರಿಯುತ್ತಿತ್ತು. ದುರ್ಬಲರಿಗೆ ಹೀಗೆ ಬೇರೆ ದಾರಿ ಮಾಡುವುದು ಏಷ್ಯಾಕ್ಕೆ ಹೊಸತಲ್ಲ. 2006ರಿಂದ 2014ರವರೆಗೆ ಚಾಲೆಂಜ್ ಕಪ್ ಎಂಬ ಪಂದ್ಯಾವಳಿಯೇ ಇತ್ತು. ಸಣ್ಣ ತಂಡಗಳು ತಮ್ಮೊಳಗೇ ಆಡಿ, ಗೆದ್ದವರು ನೇರ ಏಷ್ಯಾ ಕಪ್‌ಗೆ ಹೋಗುವ ಅವಕಾಶವನ್ನು ಅದು ಕೊಡುತ್ತಿತ್ತು. 2008ರ ಆಗಸ್ಟ್ 13ರಂದು ದೆಹಲಿಯಲ್ಲಿ ತಜಿಕಿಸ್ತಾನವನ್ನು 4-1ರಲ್ಲಿ ಸೋಲಿಸಿ ಭಾರತ ಹೀಗೆಯೇ 2011ರ ಏಷ್ಯಾ ಕಪ್‌ಗೆ ಹೋಯಿತು, 1984ರ ನಂತರ ಮೊದಲ ಸಲ. ಅಲ್ಲಿ ಆಸ್ಟ್ರೇಲಿಯಾ, ಬಹರೇನ್, ದಕ್ಷಿಣ ಕೊರಿಯಾ ಮೂರೂ ಸೇರಿ 13 ಗೋಲು ಹೊಡೆದವು. ಬೇರೆ ದಾರಿಯಿಂದ ಬಂದವರಿಗೆ ದೊಡ್ಡವರ ಪಂಕ್ತಿಯಲ್ಲಿ ಎಲೆ ಹಾಕಿದರೂ ಉಣ್ಣುವ ಅಭ್ಯಾಸವಿರಬೇಕಲ್ಲ.

2019ರ ಏಷ್ಯಾ ಕಪ್‌ಗೆ ತಂಡಗಳ ಸಂಖ್ಯೆಯನ್ನು 16ರಿಂದ 24ಕ್ಕೆ ಏರಿಸಿದಾಗ ದಾರಿ ಅಗಲವಾಯಿತು. ಭಾರತ ಮೊದಲು ಲಾವೋಸನ್ನು ಎರಡು ಪಂದ್ಯಗಳಲ್ಲೂ ಸೋಲಿಸಿ ಕೊನೆಯ ಅರ್ಹತಾ ಸುತ್ತಿಗೆ ಬಂತು. ಅಷ್ಟರಲ್ಲಿ ಬೇರೆಡೆ ಒಂದು ಸ್ವಾರಸ್ಯ ನಡೆದಿತ್ತು. ಭಾರತಕ್ಕಿಂತ ಮುಂದಿದ್ದ ಗುವಾಮ್, ಓಡಾಟದ ಖರ್ಚು ನಿಭಾಯಿಸಲಾಗದೆ ಕಣದಿಂದ ಹಿಂದೆ ಸರಿಯಿತು. ಕುವೈತ್ ಮೇಲೆ ಫಿಫಾ ನಿಷೇಧವಿತ್ತು. ಖಾಲಿಯಾದ ಎರಡು ಸ್ಥಾನಗಳನ್ನು ತುಂಬಲು, ಎಲ್ಲ ದಾರಿಗಳಲ್ಲೂ ಸೋತವರಿಗಾಗಿ ಮಲೇಷ್ಯಾದಲ್ಲಿ 2016ರಲ್ಲಿ ನಡೆಸಿದ ಸಾಲಿಡಾರಿಟಿ ಕಪ್‌ನ ವಿಜೇತ ನೇಪಾಳವನ್ನೂ ಎರಡನೆಯ ಸ್ಥಾನದ ಮಕಾವನ್ನೂ ಕರೆದರು. ಚೀಟಿ ಎತ್ತಿದಾಗ ಮಕಾವ್ ಬಂದು ಬಿದ್ದದ್ದು ಭಾರತದ ಗುಂಪಿಗೆ.

ಮುಂದಿನದು ಬೆಂಗಳೂರಿಗರು ನೋಡಿದ್ದು. 2017ರ ಜೂನ್ 13ರಂದು ಕಂಠೀರವದಲ್ಲಿ ಚೆಟ್ರಿಯ ಒಂದು ಗೋಲು ಕಿರ್ಗಿಸ್ತಾನವನ್ನು ಸೋಲಿಸಿತು. ಅಕ್ಟೋಬರ್ 11ರಂದು ಅದೇ ಮೈದಾನದಲ್ಲಿ ಮಕಾವ್ ಎದುರು 4-1. ಭಾರತ 2019ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಎರಡೂವರೆ ವರ್ಷದ ಹಿಂದೆ ನೇಪಾಳದ ಎದುರು ಕೆಳಗಿನ ಮೆಟ್ಟಿಲಿಂದ ಹೊರಟಿದ್ದ ತಂಡ, ಒಂದು ಸುತ್ತಿನಲ್ಲಿ ಗುಂಪಿನ ಕೊನೆಗೆ ಬಿದ್ದೂ, ಕಡೆಗೆ ಗುರಿ ಮುಟ್ಟಿತ್ತು. 2017ರ ಜುಲೈಯಲ್ಲಿ ಪಟ್ಟಿಯ ಸ್ಥಾನ 96. ಸಾಧನೆಯೇನೋ ನಿಜ. ಗುವಾಮ್‌ನ ಖಾಲಿ ಜೇಬೂ ಮಕಾವ್‌ನ ದೌರ್ಬಲ್ಯವೂ ಅದರಲ್ಲಿ ಪಾಲುದಾರರು ಎಂಬುದೂ ನಿಜ. ಇದೇ ಕಂಠೀರವದಲ್ಲಿ 2001ರ ಏಪ್ರಿಲ್ 8ರಂದು ಭಾರತ ಯುಎಇಯನ್ನು 1-0ರಲ್ಲಿ ಸೋಲಿಸಿ, ವಿಶ್ವಕಪ್ ಅರ್ಹತೆಯ ಗುಂಪಿನಲ್ಲಿ ಮೊದಲ ಸ್ಥಾನವನ್ನು ಒಂದೇ ಅಂಕದಿಂದ ಕಳೆದುಕೊಂಡಿತ್ತು. ಆಟದ ಗುಣದಿಂದ ಅಳೆದರೆ ಆ ಸೋತ ವರ್ಷ ಈ ಗೆದ್ದ ವರ್ಷಕ್ಕಿಂತ ಹಗುರವೇನಲ್ಲ.

ಫಿಫಾ 2018ರಲ್ಲಿ ಹಳೆಯ ಲೆಕ್ಕವನ್ನು ಕೈಬಿಟ್ಟು ಚದುರಂಗದ ಲೆಕ್ಕವನ್ನು ತಂದಿತು. ಹಂಗೇರಿ ಮೂಲದ ಅಮೆರಿಕದ ಭೌತಶಾಸ್ತ್ರ ಅಧ್ಯಾಪಕ ಅರ್ಪಾದ್ ಎಲೊ ರೂಪಿಸಿದ ಈ ವಿಧಾನ ವಿಶ್ವನಾಥನ್ ಆನಂದ್ ಕಾಲದಿಂದ ನಮ್ಮ ಓದುಗರಿಗೆ ಪರಿಚಿತವೇ. ಪಂದ್ಯಕ್ಕೆ ಮೊದಲು ಎರಡು ತಂಡಗಳ ಅಂಕಗಳ ಅಂತರ ನೋಡಿ ಯಾರಿಂದ ಎಷ್ಟು ನಿರೀಕ್ಷೆ ಎಂದು ಲೆಕ್ಕ ಹಾಕುತ್ತಾರೆ. ಅಂತರ 300 ಇದ್ದರೆ ದುರ್ಬಲ ತಂಡದಿಂದ ನಿರೀಕ್ಷಿಸುವುದು ಒಂದರಲ್ಲಿ 0.24 ಪಾಲು. ಅರ್ಹತಾ ಪಂದ್ಯದ ತೂಕ 25. ದುರ್ಬಲರು ಗೆದ್ದರೆ 19 ಅಂಕ ಸೇರುತ್ತದೆ; ಸಮ ಮಾಡಿಕೊಂಡರೂ ಆರೂವರೆ; ಸೋತರೆ ಹೋಗುವುದು 6 ಮಾತ್ರ. ಅವರಿಗೆ ಸೇರಿದ್ದು ಎದುರಾಳಿಯ ಗಂಟಿನಿಂದ ಕಳೆಯುತ್ತದೆ. ಸರಾಸರಿಯ ಗೋಜಿಲ್ಲ, ಆದ್ದರಿಂದ ಪಂದ್ಯ ತಪ್ಪಿಸಿಕೊಂಡು ಮೇಲೇರುವ ಆಟವೂ ನಡೆಯದು.

ಹಳೆಯದಕ್ಕಿಂತ ಇದು ನ್ಯಾಯವಾದ ತಕ್ಕಡಿ ಎಂಬುದರಲ್ಲಿ ಸಂಶಯವಿಲ್ಲ. ಆದರೆ ತಕ್ಕಡಿ ಸರಿಯಾದ ಮಾತ್ರಕ್ಕೆ ತೂಗುವ ಸರಕು ಹೆಚ್ಚುವುದಿಲ್ಲ. ಆಡಲು ಪಂದ್ಯವೇ ಸಿಗದವರು ಅಂಕ ಗಳಿಸುವುದೆಲ್ಲಿಂದ? ಇಟಲಿಯ ನಡುವಿರುವ ಪುಟ್ಟ ದೇಶ ಸಾನ್ ಮರಿನೊಗೆ ಪಂದ್ಯಗಳ ಕೊರತೆಯಿಲ್ಲ. ಯುರೋಪಿನಲ್ಲಿ ಪ್ರಾಥಮಿಕ ಸುತ್ತೇ ಇಲ್ಲ, ಎಲ್ಲರೂ ಗುಂಪಿಗೆ ಬರುತ್ತಾರೆ. 1993ರಲ್ಲಿ ಇಂಗ್ಲೆಂಡ್ ಎದುರು ಪಂದ್ಯ ಶುರುವಾಗಿ ಒಂಬತ್ತು ಸೆಕೆಂಡು ತುಂಬುವ ಮೊದಲೇ ಗೋಲು ಹೊಡೆದು ಬಳಿಕ 1-7ರಲ್ಲಿ ಸೋತ ಖ್ಯಾತಿ ಅವರದು. 2004ರಲ್ಲಿ ಲಿಕ್ಟನ್‌ಸ್ಟೈನ್ ಎದುರು ಗೆದ್ದವರು ಮತ್ತೆ ಗೆಲ್ಲಲು 20 ವರ್ಷ ಕಾದರು. 2024ರಲ್ಲಿ ಮತ್ತೆ ಅದೇ ಲಿಕ್ಟನ್‌ಸ್ಟೈನನ್ನು ಎರಡು ಸಲ ಸೋಲಿಸಿ ನೇಷನ್ಸ್ ಲೀಗ್‌ನ ತಮ್ಮ ಗುಂಪಿನಲ್ಲಿ ಮೊದಲಿಗರಾದರು. ನಿಯಮದ ಒಂದು ಸಂದಿಯಿಂದಾಗಿ ಆ ಗೆಲುವು ಅವರಿಗೆ 2026ರ ವಿಶ್ವಕಪ್‌ನ ಪ್ಲೇ-ಆಫ್‌ಗೆ ಕೂದಲೆಳೆಯಷ್ಟು ಆಸೆಯನ್ನೂ ಕೊಟ್ಟಿತ್ತು. ಅರ್ಹತಾ ಗುಂಪಿನ ಎಂಟೂ ಪಂದ್ಯ ಸೋತರೂ ಆ ಎಳೆ ಬಹುಕಾಲ ತುಂಡಾಗಲಿಲ್ಲ! ಓಷಿಯಾನಿಯಾದಲ್ಲಿ ನೋವು ಇನ್ನೊಂದು ಬಗೆಯದು. 2001ರ ಏಪ್ರಿಲ್ 11ರಂದು ಅಮೆರಿಕನ್ ಸಮೋವ ಆಸ್ಟ್ರೇಲಿಯಾದ ಎದುರು 0-31ರಲ್ಲಿ ಸೋತಿತು. ಪಾಸ್‌ಪೋರ್ಟ್ ತೊಡಕಿನಿಂದ ಮುಖ್ಯ ಆಟಗಾರರು ಬರಲಾಗದೆ ಎಳೆಯ ಹುಡುಗರನ್ನು ಕಣಕ್ಕಿಳಿಸಿದ್ದರು. ಇಂಥ ಪಂದ್ಯಗಳು ಬೇಡವೆಂದೇ ಮುಂದೆ ಅಲ್ಲಿ ಸಣ್ಣವರಿಗೆ ಮೊದಲ ಸುತ್ತು ಬೇರೆಯಾಯಿತು. ಅದೇ ಸುತ್ತಿನಲ್ಲಿ 2011ರಲ್ಲಿ ಸಮೋವದವರು ಟೋಂಗಾವನ್ನು 2-1ರಲ್ಲಿ ಸೋಲಿಸಿ ತಮ್ಮ ಮೊದಲ ಅಧಿಕೃತ ಗೆಲುವು ಕಂಡರು. 31 ಗೋಲು ಬಿಟ್ಟುಕೊಟ್ಟಿದ್ದ ಗೋಲ್‌ಕೀಪರ್ ನಿಕಿ ಸಲಾಪು ಅಂದೂ ಗೋಲಿನ ಮುಂದೆ ನಿಂತಿದ್ದ.

ಸಣ್ಣವರನ್ನು ದೊಡ್ಡವರೆದುರು ನಿಲ್ಲಿಸುವುದು ಒಳಿತೋ, ತಮ್ಮೊಳಗೇ ಆಡಿಸುವುದು ಒಳಿತೋ ಎಂಬ ವಾದ ಹೀಗೆ ತೀರುವುದೇ ಇಲ್ಲ. ಎರಡೂ ಕಡೆ ನ್ಯಾಯವಿದೆ. ಬೆರಳೆಣಿಕೆಯ ಪಂದ್ಯಗಳ ಮೇಲೆ ವರ್ಷಗಳ ಭವಿಷ್ಯ ನಿಲ್ಲುವುದು ಮಾತ್ರ ಎಲ್ಲೆಡೆ ಸಮಾನ. 2019ರಲ್ಲಿ ಮಕಾವ್ ಮೊದಲ ಪಂದ್ಯದಲ್ಲಿ ಶ್ರೀಲಂಕಾವನ್ನು 1-0ರಲ್ಲಿ ಸೋಲಿಸಿತ್ತು. ಈಸ್ಟರ್ ದಿನದ ಬಾಂಬ್ ಸ್ಫೋಟಗಳ ಭಯದಿಂದ ಅದರ ಆಡಳಿತ ತಂಡವನ್ನು ಕೊಲಂಬೊಗೆ ಕಳಿಸಲಿಲ್ಲ. ಫಿಫಾ ಎರಡನೆಯ ಪಂದ್ಯವನ್ನು 3-0 ಎಂದು ಶ್ರೀಲಂಕಾಕ್ಕೆ ಬರೆದುಕೊಟ್ಟಿತು. ಆಟಗಾರರು ಆಡುತ್ತೇವೆಂದರೂ ಕೇಳುವವರಿರಲಿಲ್ಲ.

ಅಂಕಿಯ ಅಂತರ ಎಷ್ಟು ಸಣ್ಣದಾಗಿ ಎಷ್ಟು ದೊಡ್ಡದನ್ನು ನಿರ್ಧರಿಸಬಲ್ಲದು ಎಂಬುದನ್ನು ಬೆಂಗಳೂರು 2023ರಲ್ಲಿ ಮತ್ತೆ ಕಂಡಿತು. ಜೂನ್ 21ರಿಂದ ಕಂಠೀರವದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್. ಪಾಕಿಸ್ತಾನದ ಎದುರು ಮಳೆಯಲ್ಲಿ 4-0, ಚೆಟ್ರಿಯ ಮೂರು ಗೋಲು. ಭೂತಾನವೂ ಬಂದಿತ್ತು, ಮೂರೂ ಪಂದ್ಯ ಸೋತು ಹೋಯಿತು. ಜುಲೈ 1ರ ಸೆಮಿಫೈನಲ್‌ನಲ್ಲಿ ಲೆಬನಾನ್ ಎದುರು ಗೋಲಿಲ್ಲದೆ 120 ನಿಮಿಷ ಕಳೆದು ಪೆನಾಲ್ಟಿಯಲ್ಲಿ 4-2. ಜುಲೈ 4ರ ಫೈನಲ್‌ನಲ್ಲಿ ಕುವೈತ್ ಎದುರು 1-1 ಆಗಿ ಪೆನಾಲ್ಟಿಯಲ್ಲಿ 5-4. ಹೊಸ ಲೆಕ್ಕದಲ್ಲಿ ಪೆನಾಲ್ಟಿ ಗೆಲುವಿಗೆ ಪೂರ್ತಿ ಬೆಲೆಯಿಲ್ಲ, ಮುಕ್ಕಾಲು ಮಾತ್ರ, ಸೋತವರಿಗೆ ಅರ್ಧ. ಆ ಕಾಲು ಪಾಲಿನ ವ್ಯತ್ಯಾಸವೂ ಆಗ ಬೇಕಾಗಿತ್ತು. ಜುಲೈ ತಿಂಗಳ ಪಟ್ಟಿಯನ್ನೇ ಹಿಡಿದು 2026ರ ವಿಶ್ವಕಪ್‌ನ ಏಷ್ಯಾ ಅರ್ಹತೆಗೆ ಚೀಟಿ ಎತ್ತುವುದೆಂದು ತೀರ್ಮಾನವಾಗಿತ್ತು. ಪಟ್ಟಿಯಲ್ಲಿ ಭಾರತ 99ನೆಯದು, ಏಷ್ಯಾದಲ್ಲಿ 18ನೆಯದು. ಎರಡನೆಯ ಪಾಟ್‌ಗೆ ಹೋಗುವ ಒಂಬತ್ತು ಚೀಟಿಗಳಲ್ಲಿ ಕೊನೆಯದು ಭಾರತದ್ದು. ಅದರ ಬೆನ್ನಿಗೇ ಇದ್ದ ಲೆಬನಾನ್ ಮೂರನೆಯ ಪಾಟ್‌ಗೆ ಇಳಿಯಿತು. ಏಷ್ಯಾದ ಕೊನೆಯ 20 ತಂಡಗಳು ಆಡುವ ಮೊದಲ ಸುತ್ತು ಈ ಸಲ ಭಾರತಕ್ಕೆ ಬೇಕಿರಲಿಲ್ಲ.

ಆ ಸುತ್ತು ನಡೆದದ್ದು 2023ರ ಅಕ್ಟೋಬರ್‌ನಲ್ಲಿ. ಪಾಕಿಸ್ತಾನ ಇಸ್ಲಾಮಾಬಾದ್‌ನಲ್ಲಿ ಕಾಂಬೋಡಿಯಾವನ್ನು 1-0ರಲ್ಲಿ ಸೋಲಿಸಿ ತನ್ನ ಇತಿಹಾಸದ ಮೊದಲ ವಿಶ್ವಕಪ್ ಅರ್ಹತಾ ಗೆಲುವು ಪಡೆಯಿತು. ಭೂತಾನ್ ಹಾಂಗ್‌ಕಾಂಗ್‌ನಲ್ಲಿ 0-4ರಲ್ಲಿ ಸೋತು, ಥಿಂಪುವಿನಲ್ಲಿ 2-0ರಲ್ಲಿ ಗೆದ್ದೂ ಒಟ್ಟು ಗೋಲಿನಲ್ಲಿ ಹಿಂದೆ ಬಿದ್ದು ಹೊರನಡೆಯಿತು.

ಭಾರತಕ್ಕೆ ಸಿಕ್ಕ ಗುಂಪು ಕತಾರ್, ಕುವೈತ್, ಅಫ್ಘಾನಿಸ್ತಾನ. ಇದಕ್ಕಿಂತ ಹದವಾದ ಚೀಟಿ ಬಹುಕಾಲ ಬಿದ್ದಿರಲಿಲ್ಲ. ನವೆಂಬರ್‌ನಲ್ಲಿ ಕುವೈತ್ ನಗರದಲ್ಲೇ ಕುವೈತನ್ನು 1-0ರಲ್ಲಿ ಸೋಲಿಸಿದಾಗ ಮೂರನೆಯ ಸುತ್ತು ಕೈಗೆಟುಕುವಂತೆ ಕಂಡಿತು. ಅನಂತರ 2024ರ ಜನವರಿಯ ಏಷ್ಯಾ ಕಪ್‌ನಲ್ಲಿ ಒಂದೂ ಗೋಲಿಲ್ಲದೆ ಮೂರು ಸೋಲು, ಪಟ್ಟಿಯಲ್ಲಿ 117. ಮಾರ್ಚ್ 26ರಂದು ಗುವಾಹಟಿಯಲ್ಲಿ, ಒಂಬತ್ತು ವರ್ಷದ ಹಿಂದೆ ನೇಪಾಳವನ್ನು ಸೋಲಿಸಿ ಏರಲು ಶುರುಮಾಡಿದ್ದ ಊರಿನಲ್ಲೇ, ಸ್ವದೇಶದಲ್ಲಿ ಪಂದ್ಯ ಆಡಲಾಗದೆ ಪರದೇಶಗಳಲ್ಲಿ ಅಲೆಯುತ್ತಿದ್ದ ಅಫ್ಘಾನಿಸ್ತಾನದ ಎದುರು 1-2. ಗುಂಪಿನಲ್ಲಿ ಮೂರನೆಯ ಸ್ಥಾನಕ್ಕೆ ನಿಂತು ಭಾರತ ಮತ್ತೆ ಏಷ್ಯಾ ಕಪ್‌ನ ಹಿತ್ತಲ ಬಾಗಿಲಿಗೆ ಬಂತು. ಈ ಸಲ ಬಾಗಿಲಲ್ಲಿದ್ದವರು ಸಿಂಗಪುರ, ಬಾಂಗ್ಲಾದೇಶ, ಮತ್ತು ಥಿಂಪುವಿನಲ್ಲಿ ಭೂತಾನದ ಎದುರು ಎರಡು ಗೋಲಿನಿಂದ ಸೋತಿದ್ದ ಅದೇ ಹಾಂಗ್‌ಕಾಂಗ್. 2025ರ ಜೂನ್ 10ರಂದು ಹಾಂಗ್‌ಕಾಂಗ್ ಪಂದ್ಯ ಮುಗಿಯುವ ಹೊತ್ತಿಗೆ ಸಿಕ್ಕ ಪೆನಾಲ್ಟಿಯಿಂದ ಭಾರತವನ್ನು 1-0ರಲ್ಲಿ ಸೋಲಿಸಿತು. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರದ ಎದುರು 1-2 ಆದಾಗ 2027ರ ಏಷ್ಯಾ ಕಪ್‌ನ ಲೆಕ್ಕ ಮುಗಿಯಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶವೂ 1-0ರಲ್ಲಿ ಗೆದ್ದಿತು. ಆ ತಿಂಗಳ ಪಟ್ಟಿಯಲ್ಲಿ ಭಾರತದ ಎದುರು ಇದ್ದ ಅಂಕಿ 142.